ಮೋಟಾರಿಲ್ಲದ ಗಾಳಿ

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನಿದನ್ನು ಹಾಡಹಗಲೇ ಕಂಡೆ. ಹೈದರಾಬಾದಿನ ನಮ್ಮ ಲ್ಯಾಬಿನಲ್ಲಿ ಒಂದು ಗಾಳಿಸುರಂಗವಿತ್ತು. ವಿಮಾನದ ಮಾದರಿ ನಿಲ್ಲಿಸಿ, ದೊಡ್ಡ ಫ್ಯಾನಿನಿಂದ ಗಾಳಿ ಹಾಯಿಸಿ ಪರೀಕ್ಷಿಸುವ ಕೊಳವೆ ಅದು. ಕೆಲಸವೆಲ್ಲ ಕಂಪ್ಯೂಟರಿಗೆ ಬಂದ ಮೇಲೆ ಅದರ ಮೋಟಾರು ಪಟಾನ್‌ಚೆರುವಿನ ಗುಜರಿಗೆ ಹೋಯಿತು. ಲಾರಿಗೆ ಏರಿಸುವಾಗ ನಾನೇ ನಿಂತಿದ್ದೆ. ಒಳಗೆ ಉಳಿದದ್ದು ಕಾಮೆಟ್ ಎಂಬ ಹಳೆಯ ಬ್ರಿಟಿಷ್ ರೇಸಿನ ವಿಮಾನದ ಕೆಂಪು ಮಾದರಿ. ಮರದಲ್ಲೇ ಅಂಥ ವೇಗ ಸಾಧ್ಯವೆಂದು ತೋರಿಸಿ, ಮಹಾಯುದ್ಧದ ಮರದ ಬಾಂಬರಿಗೂ ದಾರಿ ಮಾಡಿಕೊಟ್ಟ ವಿಮಾನವದು.

ಆಯುಧಪೂಜೆಗೆ ಅದಕ್ಕೂ ಚೆಂಡುಹೂವಿನ ಮಾಲೆ ಹಾಕಿ, ತೆಗೆಯಲು ಮರೆತೆವು. ಮರುದಿನ ಕಸ ಗುಡಿಸುವ ಹುಲಗೇಶ ಓಡಿ ಬಂದ.

"ಸರ್ರ, ಹೂವು ಕೆಳಗ ಬೀಳವಲ್ಲವ್ರಿ."

ಹೋಗಿ ನೋಡಿದರೆ ಮಾಲೆ ಬರೀ ದಾರವಾಗಿತ್ತು. ಎಸಳುಗಳೆಲ್ಲ ಸುರಂಗದ ಹಿಂದಿನ ಜಾಲರಿಗೆ ಒತ್ತಿಕೊಂಡು ನಡುಗುತ್ತಿದ್ದವು. ಕೈ ಚಾಚಿದೆ, ಗಾಳಿಯ ಸುಳಿವೇ ಇಲ್ಲ. ಮಾದರಿಯ ಮೂತಿ ಮಾತ್ರ ಕೊರೆಯುವಷ್ಟು ತಣ್ಣಗಿತ್ತು.

"ಅದನ್ನ ನೀವ ತಗೀರಿ. ನನ್ನ ಕೈಲೆ ಆಗಂಗಿಲ್ಲ," ಎಂದ ಹುಲಗೇಶ.

ಮಾದರಿಯನ್ನು ಅದು ನಿಂತಿದ್ದ ಕಂಬದಿಂದ ಕಳಚಿದೆ. ಎಸಳುಗಳು ಒಮ್ಮೆಲೇ ಉದುರಿದವು.

ಎಸೆಯಲು ಮನಸ್ಸಾಗದೆ ಅದನ್ನು ತಾರ್ನಾಕದ ಮನೆಗೆ ತಂದೆ. ಹೆಂಡತಿ ಸಾವಿತ್ರಿ ದೇವರ ಗೂಡಿನ ಪಕ್ಕ ಇಟ್ಟಳು. ಬಾಗಿಲು, ಕಿಟಕಿ ಎಲ್ಲ ಮುಚ್ಚಿದ್ದರೂ ಅವಳು ಹಚ್ಚುವ ದೀಪ ಅದರ ಬಾಲದ ಕಡೆಗೇ ವಾಲಿ ಉರಿಯುತ್ತದೆ.