ಕೆಜಾಯಾ ನೋಡಿದ ಕಡೆ

ನಾನು ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ. ೧೭೬೨ರ ಬೇಸಿಗೆಯಲ್ಲಿ ಹಾಲು ಮಾರುವ ಕೆಜಾಯಾ ಹಾದಿಯಲ್ಲೇ ಬಿದ್ದು ಸತ್ತಳು. ಪಂಚನಾಮೆಗೆಂದು ಅವಳನ್ನು ನಮ್ಮ ಪಡಖಾನೆಯ ಮೇಜಿನ ಮೇಲೆ ಮಲಗಿಸಿದರು. ಮೈ ತೊಳೆದು ನೆಟ್ಟಗೆ ಮಲಗಿಸಿದವಳು ನಾನೇ. ಹೆಣ ನೋಡಬೇಕಾದ ಹನ್ನೆರಡು ಪಂಚರಲ್ಲಿ ನನ್ನ ಗಂಡ ಜೆತ್ರೋನೂ ಒಬ್ಬ. ಮದುವೆಗೆ ಮುಂಚೆ ಅವಳ ಹಿಂದೆ ಸುತ್ತಿದವನು.

ಅವನು ಬಾಗಿಲಲ್ಲಿ ನಿಂತಾಗ ಅವಳ ಮುಖ ಬಾಗಿಲ ಕಡೆಗಿತ್ತು. ನೆಟ್ಟಗೆ ಮಾಡಿದೆ. ಅವನು ಕಿಟಕಿಯ ಬಳಿಗೆ ಸರಿದ. ನೋಡಿದರೆ ಮುಖ ಕಿಟಕಿಯ ಕಡೆಗಿತ್ತು. ಮುಟ್ಟಿದರೆ ಕೊರಳು ಕೊರಡಿನಂತೆ ಸೆಟೆದಿತ್ತು.

"ಮೇಜು ವಾಲಿದೆ ಕಣಮ್ಮ," ಎಂದರು ತನಿಖೆಯ ಸಾಹೇಬರು.

"ಮೇಜಲ್ಲ ಸ್ವಾಮಿ, ಇವಳು ಬದುಕಿದ್ದಾಗ್ಲೂ ಹಿಂಗೇ," ಅಂದೆ.

ಪಂಚರೆಲ್ಲ ನಕ್ಕರು. ಜೆತ್ರೋ ನಗಲಿಲ್ಲ. "ಸತ್ತೋಳ ಮೇಲೂ ಹೊಟ್ಟೆಕಿಚ್ಚಾ, ತಬಿತಾ?" ಅಂದ.

ದೇವರು ಕರೆಸಿಕೊಂಡ ಎಂದು ತೀರ್ಪು ಬರೆದು ಅವಳನ್ನು ಇಗರ್ಜಿಯ ಸ್ಮಶಾನದಲ್ಲಿ ಹೂತರು.

ಆಮೇಲೆ ಮೂವತ್ತು ವರ್ಷ ಅವನು ನನ್ನೊಡನೆ ಬಾಳಿದ. ಕಳೆದ ಚಳಿಗಾಲದಲ್ಲಿ ತೀರಿಕೊಂಡಾಗ ಅದೇ ಮೇಜಿನ ಕಾಲಿಗೆ ಮರದ ಚಕ್ಕೆ ಇಟ್ಟು, ಮಟ್ಟ ಮಾಡಿ, ನಾನೇ ಮಲಗಿಸಿದೆ. ಮೂರು ಸಲ ಅವನ ಮುಖವನ್ನು ನನ್ನ ಕಡೆಗೆ ತಿರುಗಿಸಿದೆ. ಮೂರು ಸಲವೂ ಅದು ಇಗರ್ಜಿಯ ಸ್ಮಶಾನದ ಕಡೆಗೇ ತಿರುಗಿಕೊಂಡಿತು.