ಮೀನಿನ ಮಾತಿಗೆ ಮೂರು ಕೊಳವೆ

ಬಹಳ ಹಿಂದೆ, ಕಲ್ಲಿನ ಆನೆಗಳೂ ನೀರು ಕುಡಿಯುತ್ತಿದ್ದ ಕಾಲದಲ್ಲಿ, ಕೊಳವೆ ಕೂರಿಸುವ ಮಾಚಲೆ ಎಂಬ ಹೆಂಗಸು ದಾರಿ ತಪ್ಪಿ ಒಂದು ಹೊಂಡದ ದಡದಲ್ಲಿ ನಿಂತಿದ್ದಳು. ಮುಂದೆ ಮೂರು ದಾರಿ. ಹೊಂಡದೊಳಗೆ ಒಂಟಿಕಾಲಲ್ಲಿ ಒಂದು ಕೊಕ್ಕರೆ.

“ಕೊಕ್ಕರೆಯಣ್ಣ, ಸೆಲೆಯೂರಿಗೆ ಯಾವ ದಾರಿ?”

“ಹೆಗಲ ಮೇಲೆ ಕೊಳವೆ, ಸೊಂಟದಲ್ಲಿ ಅರ, ಕಾಲಲ್ಲಿ ಏಳು ದೇಶದ ಧೂಳು. ನಿನಗೇ ದಾರಿ ಗೊತ್ತಿಲ್ವ ತಂಗಿ?”

“ಏಳು ದೇಶ ತಿರುಗಿದ್ದಕ್ಕೇ ಏಳು ದೇಶದ ದಾರಿಯೂ ಕಲಸಿಹೋಗಿದೆ. ಹೇಳಣ್ಣ, ಇನ್ನು ಮೂರೇ ದಿನ ಉಳಿದಿರೋದು.”

“ಹೇಳ್ತೀನಿ. ಆದರೆ ಅದು ನಿನ್ನ ಮೇಲೆ ಸಾಲ. ಈ ಕವಲಲ್ಲಿ ದಾರಿ ಹೇಳೋಕೆ ಯಾರಾದರೂ ಒಬ್ಬರು ನಿಂತಿರಲೇಬೇಕು, ಅದು ಹೊಂಡದ ಕಟ್ಟಳೆ. ನೂರು ವರ್ಷದಿಂದ ನಾನೇ ನಿಂತಿದ್ದೀನಿ. ಬೆಟ್ಟದ ಆಚೆಯ ದಾರಿಯನ್ನ ಲೋಕಕ್ಕೆಲ್ಲ ಹೇಳ್ತೀನಿ, ನಾನು ಮಾತ್ರ ನೋಡಿಲ್ಲ. ಕೆಲಸ ಮುಗಿಸಿ ಬಂದು ಒಂದು ಹಗಲು ನನ್ನ ಜಾಗದಲ್ಲಿ ನಿಲ್ಲು.”

ಮಾಚಲೆ ಒಂದೇ ಕಡೆ ಒಂದು ಹಗಲು ನಿಂತವಳೇ ಅಲ್ಲ. ಬೇರೇನಾದರೂ ಕೇಳು ಅಂದಳು. ಕೊಕ್ಕರೆ ಕಣ್ಣು ಮುಚ್ಚಿಕೊಂಡಿತು. ಕೊನೆಗೆ “ಆಯ್ತು ಮಾರಾಯ, ಒಂದು ಹಗಲು” ಎಂದಳು. ಕೊಕ್ಕರೆ ಕಣ್ಣು ತೆರೆಯದೆಯೇ ಎಡಕ್ಕೆ ಕೊಕ್ಕು ತೋರಿಸಿತು.

ಸೆಲೆಯೂರಿನ ಅರಸ ಬೊಮ್ಮರಸನಿಗೆ ಒಬ್ಬಳೇ ಮಗಳು, ಪದ್ಮಲೆ. ಮಾಟಗಾರ ಭೋರಿಗನಿಗೆ ಅವಳನ್ನು ಕೊಡುತ್ತೇನೆಂದು ಅರಸ ಮಾತು ಕೊಟ್ಟ. ಅವಳು ಒಲ್ಲೆನೆಂದಳು. ಭೋರಿಗ ಅವಳನ್ನು ಬೆರಳುದ್ದದ ಮೀನು ಮಾಡಿ ನಕ್ಕ. “ನಿನ್ನ ಮಾತನ್ನ ನಿನ್ನಪ್ಪ ಕೊನೆತನಕ ಕೇಳಿದ ದಿನ ಮನುಷ್ಯಳಾಗು. ಏಳು ವರ್ಷದೊಳಗೆ ಕೇಳದಿದ್ದರೆ ಮೀನಾಗಿಯೇ ಇರು.” ಹೀಗೆಂದು ಮಾಯವಾದ. ಅರಸರ ಕಿವಿಯ ಸಂಗತಿ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅರಸ ಮಗಳಿಗಾಗಿ ದರ್ಬಾರಿನಲ್ಲೇ ಗಾಜಿನ ಕೊಳ ಕಟ್ಟಿಸಿದ. ಕೊಳದ ಮೂಲೆಯಲ್ಲಿ ಒಂದು ಗೂಡು, ಮೀನು ದಾಟದಂತೆ ಅದಕ್ಕೆ ಬಾಚಣಿಗೆಯ ಹಲ್ಲಿನಂಥ ತಡೆ. ತುಂಬಿದ ನೀರು ತಡೆ ದಾಟಿ ಗೂಡಿಗೆ ಬಿದ್ದು, ಅಲ್ಲಿಂದ ಒಂದು ದಪ್ಪ ಕೊಳವೆಯಲ್ಲಿ ನೆಲಮಾಳಿಗೆಯ ತೊಟ್ಟಿಗೆ ಇಳಿಯುತ್ತಿತ್ತು. ತೊಟ್ಟಿಯ ಮರಳು, ಇದ್ದಿಲುಗಳಲ್ಲಿ ಸೋಸಿ ತಿಳಿಯಾಗುತ್ತಿತ್ತು. ಆ ತಿಳಿನೀರನ್ನು ಕಲ್ಲಿನ ಆನೆಯೊಂದು ಕುಡಿದು, ಸೊಂಡಿಲೆತ್ತಿ ಮತ್ತೆ ಕೊಳಕ್ಕೆ ಬಿಡುತ್ತಿತ್ತು.

ಎಲ್ಲ ಸರಿ, ಸದ್ದು ಮಾತ್ರ ಸರಿಯಿಲ್ಲ. ಇಳಿಯುವ ಕೊಳವೆ ಹಗಲೂ ರಾತ್ರಿ ಗೊಳಗೊಳ ಎನ್ನುತ್ತಿತ್ತು. ಮೀನಿನ ದನಿ ನೂಲಿನ ಎಳೆಯಷ್ಟು ಸಣ್ಣದು. ನೀರು ನಿಲ್ಲಿಸಿದರೆ ಮೀನು ಸಾಯುತ್ತದೆ, ನಿಲ್ಲಿಸದಿದ್ದರೆ ಮಾತು ಕೇಳುವುದಿಲ್ಲ. ಹೀಗೆಯೇ ಏಳು ವರ್ಷಕ್ಕೆ ಮೂರು ದಿನ ಉಳಿದಿತ್ತು.

ಅರಸ ಸಾರಿಸಿದ ಡಂಗುರ ಕೇಳಿ ಹೊರಟಿದ್ದ ಮಾಚಲೆ ಬಂದವಳೇ ಗೂಡಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಕಿವಿಗೊಟ್ಟಳು.

“ಈ ಸದ್ದು ನೀರಿನದಲ್ಲ, ಮಹಾಸ್ವಾಮಿ. ನೀರು, ಗಾಳಿ ಎರಡೂ ಒಂದೇ ಬಾಯಲ್ಲಿ ನುಗ್ಗಿ ಜಗಳ ಆಡ್ತಿವೆ. ಗಾಳಿಯನ್ನ ಹೊರಗಿಟ್ಟರೆ ನೀರು ತೆಪ್ಪಗೆ ಇಳಿಯುತ್ತೆ.”

ಮೊದಲ ದಿನ ಹಳೆಯ ಕೊಳವೆ ಕಿತ್ತು ಹೊಸದನ್ನು ಕೂರಿಸಿದಳು. ಅದರ ಬಾಯಿ ಗೂಡಿನ ನೀರಿನೊಳಗೆ ಆಳದಲ್ಲಿ, ಕೆಳತುದಿ ತೊಟ್ಟಿಯ ನೀರಿನೊಳಗೆ ಅದ್ದಿ, ನಡುವೆ ಹರಿವು ಹೆಚ್ಚುಕಮ್ಮಿ ಮಾಡಲು ತಿರುಗಿಸುವ ಒಂದು ಬಿರಡೆ. ವೀಣೆಗೆ ಶ್ರುತಿ ಕೂಡಿಸುವವಳಂತೆ ಕೂದಲೆಳೆಯಷ್ಟು ತಿರುಗಿಸಿ, ಕೇಳಿ, ಮತ್ತೆ ತಿರುಗಿಸಿದಳು. ಗೊಳಗೊಳ ನಿಂತಿತು. ಏಳು ವರ್ಷದಲ್ಲಿ ಮೊದಲ ಸಲ ದರ್ಬಾರಿನವರಿಗೆ ಅರಸನ ಉಸಿರು ಕೇಳಿಸಿತು.

ಮಾಚಲೆ ಹಿಗ್ಗಿ ಊಟಕ್ಕೆ ಹೋದಳು. ಬರುವಷ್ಟರಲ್ಲಿ ಕೊಳ ಉಕ್ಕಿ ರತ್ನಗಂಬಳಿ ತೊಯ್ದು, ಅರಸನ ಪಾದುಕೆ ತೇಲುತ್ತಿತ್ತು.

“ಸದ್ದೇನೋ ಹೋಯಿತು,” ಎಂದ ಮಂತ್ರಿ, “ದರ್ಬಾರೂ ಹೋಯಿತು.”

ಮಾಚಲೆ ನೆಲಮಾಳಿಗೆಗೆ ಇಳಿದು ಆನೆಯನ್ನು ಕೇಳಿದಳು. “ಆನೆಯಪ್ಪ, ನೀನು ಸಮವಾಗಿ ಬಿಡ್ತೀಯ ತಾನೆ?”

“ಒಂದು ಗುಟುಕು ಹೆಚ್ಚು, ಒಂದು ಗುಟುಕು ಕಮ್ಮಿ,” ಎಂದಿತು ಆನೆ. “ಊಟದ ಮೇಲೆ ಸ್ವಲ್ಪ ತೂಕಡಿಕೆ. ಎಲ್ಲರಿಗೂ ಇರೋದೇ.”

ತಪ್ಪು ತನ್ನದೇ ಎಂದು ಮಾಚಲೆಗೆ ಹೊಳೆಯಿತು. ಉಸಿರಾಡುವ ಆನೆಯನ್ನು ಬಿರಡೆಯಿಂದ ಅಳೆಯಲು ಹೋಗಿದ್ದಳು. ಆನೆ ತೂಕಡಿಸಿದಾಗ ಕೊಳದಿಂದ ಇಳಿದುಬರುವ ನೀರಿಗೆಂದು ತೊಟ್ಟಿಯಲ್ಲಿ ಒಂದು ಮೊಳ ಖಾಲಿ ಬಿಡಿಸಿದಳು. ಎರಡನೆಯ ದಿನ ಮೊದಲ ಬಾಯಿಗಿಂತ ಎತ್ತರದಲ್ಲಿ ಎರಡನೆಯ ಕೊಳವೆ ಕೂರಿಸಿದಳು. ಹೆಚ್ಚಾದ ಆ ಒಂದು ಗುಟುಕು ಅದರ ಗೋಡೆಗಂಟಿ ಬೆವರಿನ ಹಾಗೆ ಸದ್ದಿಲ್ಲದೆ ಜಾರಿತು. ಕೊಳ ಉಕ್ಕಲಿಲ್ಲ, ಗೊಣಗಲೂ ಇಲ್ಲ.

ಮೂರನೆಯ ಬೆಳಿಗ್ಗೆ ಇನ್ನೂ ಎತ್ತರದಲ್ಲಿ ಮತ್ತೊಂದನ್ನು ಕೂರಿಸಿದಳು. ಅದಕ್ಕೆ ಒಂದು ಹನಿಯೂ ಬೀಳಲಿಲ್ಲ.

“ಇದು ಏನು ಮಾಡುತ್ತೆ?” ಎಂದ ಮಂತ್ರಿ.

“ಏನೂ ಮಾಡಲ್ಲ.”

“ಅರಮನೆಯಲ್ಲಿ ಅಂಥವರು ಈಗಾಗಲೇ ಬೇಕಾದಷ್ಟಿದ್ದಾರಲ್ಲ.”

“ಅವರ ಪಕ್ಕ ಇದೂ ಒಂದು ಇರಲಿ ಬಿಡಿ, ಮಂತ್ರಿಗಳೆ.”

ಅರಸ ಕೊಳದ ಪಕ್ಕ ಕೂತ. ಮೀನು ಗಾಜಿನ ಹತ್ತಿರ ಬಂತು.

“ಅಪ್ಪಾಜಿ,” ಎಂದಿತು.

“ಮಗಳೆ, ಹೇಗಿದ್ದೀಯಮ್ಮ, ನಿನಗೋಸ್ಕರ ನಾನು ಎಷ್ಟು...” ಎಂದು ಅರಸ ಶುರುಮಾಡಿದ. ಮೀನು ಬಾಯಿ ಮುಚ್ಚಿತು.

ಮತ್ತೆ “ಅಪ್ಪಾಜಿ, ನಾನು ಕೇಳಿದ್ದು...” ಎಂದಿತು.

“ಏನು ಬೇಕು ಕೇಳು, ಅರ್ಧ ರಾಜ್ಯ ಕೊಡ್ತೀನಿ!” ಮೀನು ತಿರುಗಿ ಈಜಿಹೋಯಿತು.

ಸೂರ್ಯ ಕೋಟೆಗೋಡೆಯ ಅಂಚಿಗೆ ಬಂದಿದ್ದ. ಮಾಚಲೆ ಅರಸನ ಎದುರು ಕೂತಳು. “ಮಹಾಸ್ವಾಮಿ, ಕೊಳವೆಗೆ ಗಾಳಿ ಹೋಗದಂತೆ ಮಾಡಿದ್ದೀನಿ. ನಿಮ್ಮ ಬಾಯಿಗೆ ಬಿರಡೆ ಕೂರಿಸೋದು ನನ್ನ ಕೈಲಿಲ್ಲ.”

ದರ್ಬಾರು ಬೆಚ್ಚಿತು. ಅರಸ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡ. ಮೀನು ಮೆಲ್ಲಗೆ ಗಾಜಿನ ಬಳಿ ಬಂತು.

ಅಷ್ಟರಲ್ಲಿ ಕೆಲಸವಿಲ್ಲದ ಮೂರನೆಯ ಕೊಳವೆ ಕಾಡುಕೋಣದ ಹಾಗೆ ಗುಟುರು ಹಾಕಿತು. ಮೊದಲ ಕೊಳವೆ ಕಟ್ಟಿಕೊಂಡಿತ್ತು. ಎರಡನೆಯದರ ಅಳವಿಗೆ ಮೀರಿ ಏರಿದ ನೀರನ್ನೆಲ್ಲ ಮೂರನೆಯದು ನುಂಗುತ್ತಿತ್ತು. ಹನಿಯೂ ಹೊರಚೆಲ್ಲಲಿಲ್ಲ.

“ಇದರ ಕೆಲಸ ಇದೇ,” ಎಂದಳು ಮಾಚಲೆ. “ಎಲ್ಲ ಸರಿ ಇದ್ದಾಗ ಸುಮ್ಮನಿರುತ್ತೆ. ಕೆಟ್ಟಾಗ ಕೂಗುತ್ತೆ.”

ಗೂಡಿಗೆ ಕೈಯಿಟ್ಟು ಮೊದಲ ಕೊಳವೆಯ ಬಾಯಿಂದ ಒಂದು ದಪ್ಪ ಬಸವನಹುಳುವನ್ನು ಕಿತ್ತಳು. ಹುಳುವಿಗೆ ಮೀಸೆಯಿತ್ತು. ಅದು ಭೋರಿಗನ ಮೀಸೆಯೆಂದು ಊರಿಗೆಲ್ಲ ಗೊತ್ತಿತ್ತು. ಅದನ್ನು ಚೊಂಬಿನೊಳಗೆ ಹಾಕಿ ಮುಚ್ಚಿದಳು. ಮೊದಲ ಕೊಳವೆ ಸಳಸಳ ಗಾಳಿ ಉಗುಳಿ ತೆಪ್ಪಗಾಯಿತು. ಮೂರನೆಯದೂ ಸುಮ್ಮನಾಯಿತು. ಇಷ್ಟಾದರೂ ಅರಸ ಬಾಯಿಂದ ಕೈ ತೆಗೆದಿರಲಿಲ್ಲ.

“ಅಪ್ಪಾಜಿ,” ಎಂದಿತು ಮೀನು. “ನೀವು ಕಿರೀಟ ಕೊಟ್ಟಿರಿ, ತೋಟ ಕೊಟ್ಟಿರಿ. ನಾನು ಕೇಳಿದ್ದು ಒಂದು ಕುದುರೆ. ಕೋಟೆಯ ಆಚೆ ಏನಿದೆ ಅಂತ ನೋಡಬೇಕಿತ್ತು. ಭೋರಿಗನಿಗೆ ಮಾತು ಕೊಟ್ಟ ದಿನ ಅದನ್ನೇ ಹೇಳೋಕೆ ಬಂದಿದ್ದೆ. ಆಮೇಲೆ ಹೇಳು ಅಂದಿರಿ. ಆ ಆಮೇಲೆ ಏಳು ವರ್ಷ ಆಯಿತು. ನಿಮ್ಮ ಮೇಲೆ ಸಿಟ್ಟಿದೆ. ನೀವು ದಿನಾ ಬಂದು ಗಾಜಿಗೆ ಹಣೆ ಹಚ್ಚಿ ಕೂರ್ತಿದ್ದಿರಿ, ಅದನ್ನೂ ನೋಡಿದ್ದೀನಿ. ಇಷ್ಟೇ.”

ಅರಸನ ಕಣ್ಣೀರು ಬೆರಳ ಸಂದಿಯಿಂದ ಇಳಿಯಿತು, ಸದ್ದಿಲ್ಲದೆ. ಕೊಳದಲ್ಲಿ ಸೊಂಟದುದ್ದ ನೀರಿನಲ್ಲಿ ಪದ್ಮಲೆ ನಿಂತಿದ್ದಳು.

ಮಾಟ ಮುರಿದಾಗ ಮಾಡಿದವನ ಶಕ್ತಿಯೂ ಹೋಯಿತು. ಭೋರಿಗ ಹುಳುವಾಗಿಯೇ ಉಳಿದು ಕೊಳದ ಗಾಜಿನ ಪಾಚಿ ತಿನ್ನುವ ಕೆಲಸಕ್ಕೆ ಸೇರಿದ. ಅರಸ ಎದುರಿಗಿದ್ದವರ ಮಾತು ಮುಗಿಯುವವರೆಗೆ ಕಾಯುವುದನ್ನು ಕಲಿತ. ಸೆಲೆಯೂರಿನವರ ಸುಖಕ್ಕೆ ಅಷ್ಟೇ ಬೇಕಾಗಿತ್ತು. ಅರಮನೆಯಲ್ಲೇ ಇರೆಂದು ಮಾಚಲೆಯನ್ನು ಕರೆದರು. ಬಾಕಿಯೊಂದಿದೆ ಎಂದು ಹೊರಟಳು.

ಕೊಕ್ಕರೆ ಅಲ್ಲೇ ನಿಂತಿತ್ತು. ಮಾಚಲೆ ನೀರಿಗಿಳಿದ ಕೂಡಲೇ ಮೂರೂ ದಾರಿಯ ಗುರುತು ಹೇಳಿ, ಹಿಂದೆ ನೋಡದೆ ಹಾರಿಹೋಯಿತು. ಅವಳು ಒಂಟಿಕಾಲಲ್ಲಿ ನಿಲ್ಲಲು ಹೋಗಿ, ಬಿದ್ದು, ಎರಡು ಕಾಲಿಗೇ ಒಪ್ಪಿಕೊಂಡಳು. ಮಧ್ಯಾಹ್ನ ಕುದುರೆಯೊಂದು ಬಂತು, ಮೇಲೆ ಪದ್ಮಲೆ.

“ಅಕ್ಕ, ಸಮುದ್ರಕ್ಕೆ ಯಾವ ದಾರಿ?”

“ಬಲಕ್ಕೆ. ಮೂರನೆಯ ಊರಿನ ಛತ್ರದಲ್ಲಿ ಉಳಿ, ಅಲ್ಲಿ ರೊಟ್ಟಿ ಚೆನ್ನಾಗಿರುತ್ತೆ.”

“ನೀವೂ ಬನ್ನಿ.”

ಮಾಚಲೆಯ ಅಂಗಾಲು ತುರಿಸಿತು. “ಹೊತ್ತು ಮುಳುಗಲಮ್ಮ. ಛತ್ರದಲ್ಲಿ ಸಿಗ್ತೀನಿ.”

ಹೊತ್ತು ಮುಳುಗುವಾಗ ಕೊಕ್ಕರೆ ರೆಕ್ಕೆ ತುಂಬ ಕೆಂಪು ಧೂಳು ಹೊತ್ತು ಬಂದು ಅವಳ ಪಕ್ಕ ಇಳಿಯಿತು. “ಸಾಲ ತೀರಿತು ತಂಗಿ. ಬೆಟ್ಟದ ಆಚೆ ಏನಿದೆ ಗೊತ್ತಾ?”

ಮಾಚಲೆ ಆ ಬೆಟ್ಟವನ್ನು ಏಳು ಸಲ ದಾಟಿದ್ದಳು.

“ಹೇಳಣ್ಣ,” ಎಂದಳು. ಕೊಕ್ಕರೆ ಹೇಳಿ ಮುಗಿಸುವವರೆಗೂ ನೀರಿನಿಂದ ಕಾಲು ತೆಗೆಯಲಿಲ್ಲ.