ಹಿಮಕೂಟದ ಮಣ್ಣಿನ ಬೊಂಬೆ

ಬಹಳ ಹಿಂದೆ, ಏಳು ಕಡಲುಗಳ ಆಚೆ, ಹಿಮಕೂಟವೆಂಬ ರಾಜ್ಯವಿತ್ತು. ಅಲ್ಲಿ ಮಗು ನಡೆಯಲು ಕಲಿತ ಕೂಡಲೇ ಅದರ ಎರಡೂ ಕೈಗಳಿಗೆ ಬಟ್ಟೆಯ ಚೀಲ ತೊಡಿಸಿ ಮಣಿಕಟ್ಟಿನಲ್ಲಿ ಬಿಗಿಯುತ್ತಿದ್ದರು. ಹಾಗೆ ಬೆಳೆದವರಿಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ. ನೇಕಾರರೂ ಬಡಗಿಗಳೂ ಮುದುಕರಾಗಿ ಒಬ್ಬೊಬ್ಬರೇ ತೀರಿಕೊಂಡರು. ಹರಿದ ಬಟ್ಟೆ ಹರಿದೇ ಇತ್ತು, ಮುರಿದ ಬಾಗಿಲು ಮುರಿದೇ ಇತ್ತು.

ಆ ರಾಜ್ಯದ ಬಂದರಿಗೆ ಕನ್ನಡನಾಡಿನ ತುಂಗವ್ವ ಬಂದಿಳಿದಳು. ಬೊಂಬೆ ಮಾಡುವವರ ಮಗಳು. ಗಂಡ ಹಡಗಿನಲ್ಲೇ ಜ್ವರದಿಂದ ಸತ್ತಿದ್ದ. ಅವಳಿಗೆ ಯಾರೂ ಇರಲಿಲ್ಲ. ರಾಜ ಅವಳನ್ನು ಕರೆಸಿ, ಶಾಲೆಯ ಚಿಕ್ಕ ಮಕ್ಕಳಿಗೆ ಕೈಕೆಲಸ ಕಲಿಸಬೇಕೆಂದು ಕೇಳಿಕೊಂಡ. ಕೈಗೆ ಚೀಲ ಯಾಕೆಂದು ಅವಳು ಕೇಳಿದಾಗ, ಚಳಿಗೆ ಎಂದ.

ತುಂಗವ್ವ ಚೀಲಗಳನ್ನು ಬಿಚ್ಚಿದಳು. ಮಕ್ಕಳ ಬೆರಳುಗಳು ಬಿಸಿಲು ಕಾಣದ ಮೊಳಕೆಯಂತೆ ಬೆಳ್ಳಗಿದ್ದವು. ಅವಳಿಗೆ ಅವರ ಮಾತು ಅಷ್ಟಾಗಿ ಬಾರದು. ಕಾಗದ ಮಡಚಿ ತೋರಿಸಿದಳು. ಮಕ್ಕಳು ಅವಳಿಂದ ಮೊದಲು ಕಲಿತ ಮಾತು ‘ಅಕ್ಕ’.

ಎಲ್ಮಾ ಎಂಬ ಹುಡುಗಿ ಕಾಗದದ ಹಕ್ಕಿ ಮಾಡಿದಳು. ಆಗ ಬಾಗಿಲಲ್ಲಿ ಕರಾಳಜಿಹ್ವನೆಂಬ ಮಾಂತ್ರಿಕ ನಿಂತಿದ್ದ.

"ಇದನ್ನು ಮಾಡಿದವರು ಯಾರು?"

"ನಾನು" ಎಂದಳು ಎಲ್ಮಾ, ಹೆಮ್ಮೆಯಿಂದ.

ಅವನು ಹಕ್ಕಿಯ ಮೇಲೆ ಉಸಿರೂದಿದ. ಹಕ್ಕಿಗೆ ಕಬ್ಬಿಣದ ಕೊಕ್ಕು ಬಂತು, ಜೀವ ಬಂತು. ಊದಿದಷ್ಟು ಉಸಿರನ್ನು ಅವನು ಎಲ್ಮಾಳಿಂದ ಹೀರಿಕೊಂಡ. ಅವಳ ದನಿ ಹೋಯಿತು. ಹಕ್ಕಿ ಅವನ ಹೆಗಲೇರಿತು.

ಆ ವಾರವೇ ಎಲ್ಮಾ ಹಿಮದಲ್ಲಿ ದಾರಿ ತಪ್ಪಿದಳು. ಹುಡುಕಲು ಹೋದವರು ಅವಳ ಪಕ್ಕದಲ್ಲೇ ಹಾದುಹೋದರು. ಕೂಗಲು ಅವಳಿಗೆ ದನಿಯಿರಲಿಲ್ಲ. ಬೆಳಗ್ಗೆ ಅವಳ ಹೆಣ ಸಿಕ್ಕಿತು.

ತುಂಗವ್ವ ರಾಜನೆದುರು ನಿಂತಳು. "ಚೀಲ ಕಟ್ಟುವುದು ಈ ಮಾಂತ್ರಿಕನಿಗೆ ಹೆದರಿ ಎಂದು ನನಗೆ ಮೊದಲೇ ಯಾಕೆ ಹೇಳಲಿಲ್ಲ, ಪ್ರಭು?"

"ಹೇಳಿದ್ದರೆ ನೀನು ಒಪ್ಪುತ್ತಿರಲಿಲ್ಲ" ಎಂದು ರಾಜ ತಲೆ ತಗ್ಗಿಸಿದ.

ಅವಳೇ ತನ್ನ ಕೈಯಾರೆ ಮಕ್ಕಳಿಗೆ ಮತ್ತೆ ಚೀಲ ಕಟ್ಟಿದಳು. ಆದರೆ ಒಮ್ಮೆ ರುಚಿ ಕಂಡ ಬೆರಳುಗಳು ಸುಮ್ಮನಿರಲಿಲ್ಲ. ತೋರಿನ್ ಎಂಬ ಹುಡುಗ ಗಂಟನ್ನು ಹಲ್ಲಿನಿಂದ ಬಿಚ್ಚಿ, ಕಡ್ಡಿಗಳಿಂದ ಕುದುರೆ ಮಾಡಿದ. ಮಾಂತ್ರಿಕ ಬಂದ, ಅದೇ ಪ್ರಶ್ನೆ ಕೇಳಿದ. ತೋರಿನ್ ತುಟಿ ಕಚ್ಚಿಕೊಂಡ. ಆದರೂ "ನಾನು" ಎಂಬ ಮಾತು ತಾನಾಗಿ ಹೊರಬಿತ್ತು. ಕುದುರೆ ಕೆಂಡದ ಕಣ್ಣು ತೆರೆದು ಶಾಲೆಯ ಗೋಡೆ ಒಡೆದುಕೊಂಡು ಹೋಯಿತು. ತೋರಿನನ ದನಿಯೂ ಹೋಯಿತು.

‘ನಾನು’ ಎನ್ನುವ ಒಬ್ಬನೇ ಒಬ್ಬ ಸಿಕ್ಕರೆ ಮಾತ್ರ ಮಾಂತ್ರಿಕನಿಗೆ ತಾನು ಊದಿದ ಉಸಿರು ತಿರುಗಿ ಸಿಗುತ್ತದೆಂದು ತುಂಗವ್ವನಿಗೆ ಆಗ ಹೊಳೆಯಿತು. ಅವಳು ನದಿಯ ಜೇಡಿಮಣ್ಣು ಕೇಳಿದಳು. ರಾಜ ತಾನೇ ಹೊತ್ತು ತಂದ. ಅವಳು ಮತ್ತೆ ಚೀಲ ಬಿಚ್ಚುವಾಗ ತಾಯಂದಿರು ಅಳುತ್ತ ತಡೆಯಹೋದರು. ಎಲ್ಮಾಳ ತಾಯಿ ಬೆರಿತ್ ಮಾತ್ರ ತಡೆಯದೆ ನಿಂತು ನೋಡಿದಳು. ಎಲ್ಲ ಮಕ್ಕಳೂ ಸೇರಿ ಆಳೆತ್ತರದ ಬೊಂಬೆ ಮಾಡಿದರು. ಒಬ್ಬರು ಕಿವಿ ಹಚ್ಚಿದರೆ ಇನ್ನೊಬ್ಬರು ಅದನ್ನು ತಿದ್ದಿದರು, ಮತ್ತೊಬ್ಬರು ನುಣುಪು ಮಾಡಿದರು. ಯಾವ ಬೆರಳ ಗುರುತು ಯಾರದೆಂದು ತಿಳಿಯದಾಯಿತು.

ಮಾಂತ್ರಿಕ ಬಂದ. "ಇದನ್ನು ಮಾಡಿದವರು ಯಾರು?"

ಯಾರ ಬಾಯಿಂದಲೂ "ನಾನು" ಎಂಬ ಮಾತು ಹೊರಡಲಿಲ್ಲ. ಅಂಥ ದೊಡ್ಡ ಬೊಂಬೆಯನ್ನು ಅವನು ಎಂದೂ ಕಂಡಿರಲಿಲ್ಲ. ಆಸೆ ತಡೆಯದೆ ಊದಿದ. ತಿರುಗಿ ಹೀರಲು ಯಾರೂ ಸಿಗಲಿಲ್ಲ. ನಿಲ್ಲಿಸಲೂ ಆಗಲಿಲ್ಲ. ಅವನ ಉಸಿರೆಲ್ಲ ಬೊಂಬೆಯೊಳಗೆ ಹೋಯಿತು. ಅವನ ಮೈ ಖಾಲಿ ಚೀಲದಂತೆ ಕುಸಿಯಿತು.

ಬೊಂಬೆ ಕಣ್ಣು ತೆರೆಯಿತು. "ಮಕ್ಕಳೇ, ನಾನು ನೀವು ಮಾಡಿದ ಬೊಂಬೆ. ನನ್ನನ್ನು ಕೊಲ್ಲಬೇಡಿ" ಎಂದಿತು. ದನಿ ಮಾಂತ್ರಿಕನದು. ಅದರ ಕಾಲು ಆಗಲೇ ಅಲುಗುತ್ತಿತ್ತು.

ಚಿಕ್ಕ ಮಕ್ಕಳು ಅತ್ತರು. ತುಂಗವ್ವ ನೀರು ಸುರಿದು, ಮೊದಲು ತಾನೇ ಅದರ ಬಾಯನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿದಳು. "ಕಲಸಿರಿ" ಎಂದಳು. ಮಕ್ಕಳು ಅಳುತ್ತಲೇ ಕಲಸಿದರು. ಅವರ ಅಂಗೈಯ ಕೆಳಗೆ ಅದು ಮಿಡಿಯಿತು, ಬರಬರುತ್ತ ತಣ್ಣಗಾಯಿತು, ಕೊನೆಗೆ ಬರೀ ಮಣ್ಣಾಯಿತು.

ಆ ಕ್ಷಣವೇ ಹಕ್ಕಿ ಕಾಗದವಾಗಿ ಬಿತ್ತು, ಕುದುರೆ ಕಡ್ಡಿಗಳಾಯಿತು. ತೋರಿನ್ "ಅಕ್ಕ" ಎಂದು ಕರೆದ. ರಾಜ್ಯದಲ್ಲಿ ಹಿಂದೆ ಮಾಂತ್ರಿಕನಿಂದ ದನಿ ಕಳೆದುಕೊಂಡವರೆಲ್ಲ ಮಾತಾಡಿದರು. ಎಲ್ಮಾ ಮಾತ್ರ ಬರಲಿಲ್ಲ.

ಮರುದಿನ ಬೆರಿತ್ ಶಾಲೆಗೆ ಬಂದಳು. ತುಂಗವ್ವ ಅವಳ ಕಾಲಿಗೆ ಬೀಳಹೋದಳು. ಬೆರಿತ್ ಅವಳನ್ನು ಹಿಡಿದೆತ್ತಿ, ಮಕ್ಕಳ ಪುಟ್ಟ ಮಣೆಯ ಮೇಲೆ ಹೋಗಿ ಕೂತಳು. ಎಂದೂ ಏನನ್ನೂ ಮಾಡಿರದ ತನ್ನ ಎರಡು ಕೈಗಳನ್ನು ಮುಂದೆ ಚಾಚಿದಳು.

"ನನಗೂ ಕಲಿಸು" ಎಂದಳು.

ತುಂಗವ್ವ ಕಲಿಸಿದಳು. ಹಿಮಕೂಟದ ಜನ ಹೊಲಿದರು, ನೇಯ್ದರು, ಬಾಗಿಲುಗಳನ್ನು ಸರಿಮಾಡಿಕೊಂಡರು, ಬಹುಕಾಲ ಸುಖವಾಗಿ ಬಾಳಿದರು.